ಮನೆ ಮೇಲಿನ ಪದವು

ಬದಿಯಡ್ಕದ ಹತ್ತಿರ ನಮ್ಮ ಮನೆ. ಕೆಳಗೆ ಅಡಿಕೆ ತೋಟ, ಮೇಲೆ ಮುರಕಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಕೆಂಪುಕಲ್ಲಿನ ಬಯಲು. ಮದುವೆಯಾಗಿ ಬಂದು ಇಪ್ಪತ್ತು ವರ್ಷದವರೆಗೂ ಆ ಪದವು ನನಗೆ ದನ ಮೇಯುವ ಜಾಗ, ಅಷ್ಟೇ.

ಒಂದು ಆಟಿ ತಿಂಗಳಲ್ಲಿ ದನ ಹುಡುಕಿಕೊಂಡು ಹೋದವಳು ಜೋರು ಮಳೆಗೆ ಅಂಚಿನ ಕಾಸರಕನ ಮರದಡಿ ಕೊಡೆ ಹಿಡಿದು ಕುಕ್ಕರಗಾಲಲ್ಲಿ ಕೂತೆ. (ನಮ್ಮ ಕಾಸರಗೋಡು ಜಿಲ್ಲೆಗೆ ಹೆಸರು ಕೊಟ್ಟದ್ದು ಇದೇ ಮರ ಎನ್ನುತ್ತಾರೆ, 2023ರಲ್ಲಿ ಇದು ಜಿಲ್ಲೆಯ ಮರ ಎಂದು ಘೋಷಣೆಯೂ ಆಯಿತು.) ಕಾಲ ಬುಡದಲ್ಲೇ ನೀರು ನಿಂತ ಕಲ್ಲಿನ ತುಂಬ ನೇರಳೆ ಹೂ. ಪಕ್ಕದ ಮನೆಯ ಮಕ್ಕಳು ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಕೊಯ್ಯುವ ಕಾಕ್ಕಾಪೂವು. ಅಷ್ಟು ಹತ್ತಿರದಿಂದ ಅದನ್ನು ನಾನು ನೋಡಿಯೇ ಇರಲಿಲ್ಲ.

ಮೊದಲ ವರ್ಷ ಸುಮ್ಮನೆ ತಿರುಗಾಡಿದೆ, ಕಂಡದ್ದನ್ನೆಲ್ಲ ಕಿತ್ತು ತಂದೆ. ಮಧ್ಯಾಹ್ನಕ್ಕೆ ಎಲ್ಲ ಬಾಡಿ ಮುದ್ದೆ. ಮರುವರ್ಷದಿಂದ ಕೀಳುವುದನ್ನು ಬಿಟ್ಟೆ. ನಾಲ್ಕು ಕಲ್ಲಿಟ್ಟು ಒಂದು ಮೊಳ ಉದ್ದ, ಒಂದು ಮೊಳ ಅಗಲದ ಜಾಗ ಗುರುತು ಮಾಡಿಕೊಂಡೆ. ಬೆಳಿಗ್ಗೆ ಹಾಲು ಕೊಟ್ಟು ಬಂದ ಮೇಲೆ ಅಲ್ಲೇ ಇಪ್ಪತ್ತು ನಿಮಿಷ. ಬರೆಯಲು ಪೆನ್ಸಿಲೇ ಆಗಬೇಕು, ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಒಂದು ತರಿಸಿದೆ. ಅದನ್ನು ಕಣ್ಣಿಗೆ ತಾಗಿಸಿಯೇ ಹಿಡಿದು, ಮುಖವನ್ನು ಗಿಡದ ಹತ್ತಿರ ತರಬೇಕು. ಇದು ಗೊತ್ತಾಗಲು ನನಗೆ ಒಂದು ತಿಂಗಳು ಹಿಡಿಯಿತು.

ಆ ಒಂದು ಮೊಳದಲ್ಲೇ ಡ್ರೊಸೆರಾ ಸಿಕ್ಕಿತು. ಬೆರಳುದ್ದದ ಗಿಡ, ದಾರದಂಥ ಎಲೆ, ಎಲೆಯ ಮೈತುಂಬ ಕೆಂಪು ರೋಮ, ಪ್ರತಿ ರೋಮದ ತುದಿಗೂ ಒಂದು ಅಂಟು ಹನಿ. ಮಂಜಿನ ಹನಿ ಎಂದುಕೊಂಡಿದ್ದೆ, ಬಿಸಿಲು ಬಂದರೂ ಆರಲಿಲ್ಲ. ಒಂದು ನುಸಿ ಬಂದು ಕೂತಿತು, ಏಳಲು ಆಗಲಿಲ್ಲ. ಮರುದಿನ ನೋಡಿದರೆ ಸುತ್ತಲಿನ ರೋಮಗಳೆಲ್ಲ ಅದರ ಮೇಲೆ ಬಾಗಿದ್ದವು. ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರಜನಕ ಸಾಲದು, ಅದಕ್ಕೇ ಈ ಬೇಟೆ. ಕಾಕ್ಕಾಪೂವಿನದೂ ಇದೇ ದಾರಿ: ಬುಡದಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿವೆ, ನೀರಿನ ಸೂಕ್ಷ್ಮ ಜೀವಿ ತಾಗಿದರೆ ಬಾಗಿಲು ತೆರೆದು ಒಳಗೆಳೆದುಕೊಳ್ಳುತ್ತವೆ. ಇಂಥ ನೆಲವನ್ನು ಪಾಳು ಎನ್ನುವಾಗ ನನಗೆ ಸಂಕಟವಾಗುತ್ತದೆ. ಆಚೆ ಬದಿಯಲ್ಲಿ ಕೆಂಪುಕಲ್ಲಿನ ಕೋರೆ ಶುರುವಾದ ಮೇಲೆ ಅಲ್ಲಿ ಹೂವೂ ಇಲ್ಲ, ಮಳೆಗಾಲದ ಕಪ್ಪೆಯ ಕೂಗೂ ಇಲ್ಲ.

ದೀಪಾವಳಿ ಕಳೆದರೆ ಎಲ್ಲ ಒಣಗಿ ಮುಳಿಹುಲ್ಲು ಮಾತ್ರ ಉಳಿಯುತ್ತದೆ. ಆಗ ಏನೂ ಇರುವುದಿಲ್ಲ ಎಂದು ಪುಸ್ತಕ ಮಡಚಿಡುತ್ತಿದ್ದೆ. ಒಂದು ಏಪ್ರಿಲಿನಲ್ಲಿ ಟಿಟ್ಟಿಭವೊಂದು ಕಿರುಚುತ್ತ ತಲೆಯ ಮೇಲೇ ಎರಗಿತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮೊಟ್ಟೆ ತುಳಿಯುತ್ತಿದ್ದೆ. ಗೂಡೇ ಇಲ್ಲ, ಬರೀ ಕಲ್ಲುಹರಳಿನ ನಡುವೆ ಹರಳಿನದೇ ಬಣ್ಣದ ನಾಲ್ಕು ಮೊಟ್ಟೆ. ಬಂದ ದಾರಿಯಲ್ಲೇ ಹಿಂದೆ ಸರಿದೆ. ಆಮೇಲೆ ನಲವತ್ತು ಹೆಜ್ಜೆ ದೂರದ ಆ ಮರದಡಿಯಿಂದಲೇ ನೋಡಿದ್ದು.

ಮಧ್ಯಾಹ್ನದ ಉರಿಗೆ ಕಲ್ಲು ಕಾಲಿಡಲಾಗದಷ್ಟು ಕಾಯುತ್ತದೆ. ಹಕ್ಕಿ ಎದ್ದು ತೋಟದ ಕಡೆ ಹಾರುತ್ತಿತ್ತು. ಎಲ್ಲಿಗೆ ಎಂದು ಮೂರನೇ ದಿನ ಗೊತ್ತಾಯಿತು. ಈ ಪದವು ಮಳೆಗಾಲದಲ್ಲಿ ಕುಡಿದ ನೀರೇ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದಲ್ಲಿ ಜಿನುಗುವುದು. ಆ ಸುರಂಗದ ಬಾಯಲ್ಲಿ, ಕಾಲು ಮುಳುಗುವಷ್ಟೇ ನೀರಿನಲ್ಲಿ ಅದು ಕೂತು ಹೊಟ್ಟೆಯ ಗರಿ ನೆನೆಸಿಕೊಳ್ಳುತ್ತಿತ್ತು. ಮತ್ತೆ ಹಾರಿ ಬಂದು, ಹನಿ ತೊಟ್ಟಿಕ್ಕುವ ಮೈಯಲ್ಲೇ ಮೊಟ್ಟೆಗಳ ಮೇಲೆ ಮೆಲ್ಲನೆ ಕೂರುತ್ತಿತ್ತು.