ಸಮ್ ಬರುವ ಮೊದಲೇ ಮಿದುಳಿಗೆ ಖುಷಿ

ಡಿಸೆಂಬರ್ ಬಂತೆಂದರೆ ಪುಣೆಯ ಕನ್ನಡಿಗರಲ್ಲಿ ಸವಾಯಿ ಗಂಧರ್ವ ಮಹೋತ್ಸವದ್ದೇ ಮಾತು. ಗದಗ ಸೀಮೆಯ ಭೀಮಸೇನ ಜೋಶಿಯವರು ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುಮಾಡಿದ ಶಾಸ್ತ್ರೀಯ ಸಂಗೀತದ ಉತ್ಸವವದು. ಅಲ್ಲಿ ಗಾಯಕರು ವೇಗದ ಸ್ವರಗಳ ಸರಣಿಯಾದ ತಾನ್ ಮುಗಿಸಿ, ತಾಳದ ಸುತ್ತಿನ ಮೊದಲ ಪೆಟ್ಟಾದ ಸಮ್‌ಗೆ ಬರುತ್ತಿದ್ದಂತೆ ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗುತ್ತವೆ. ‘ನಮಗೆ ಶಾಸ್ತ್ರೀಯ ತಿಳಿಯೋದಿಲ್ಲ’ ಎನ್ನುವವರಿಗೂ ಆ ಸುಖ ದಕ್ಕುತ್ತದೆ. ಸ್ವಲ್ಪ ಅಭ್ಯಾಸ ಬೇಕು, ಅಷ್ಟೆ.

ಒಳಗೆ ಆಗುವುದೇನು? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಮೆಚ್ಚಿನ ಸಂಗೀತ ಕೇಳಿದರೆ ಮೈ ನವಿರೇಳುವವರ ಮಿದುಳನ್ನು ಸ್ಕ್ಯಾನ್ ಮಾಡಿ 2011ರಲ್ಲಿ ವರದಿ ಪ್ರಕಟಿಸಿದರು. ನವಿರೆದ್ದ ಗಳಿಗೆಯಲ್ಲಿ ನ್ಯೂಕ್ಲಿಯಸ್ ಅಕ್ಕಂಬೆನ್ಸ್ ಎಂಬ ಭಾಗದಲ್ಲಿ ಖುಷಿಗೆ ನಂಟಿರುವ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಅದಕ್ಕೂ ಮೊದಲು, ‘ಈಗ ಬರುತ್ತೆ’ ಎಂದು ಕಾಯುವಾಗ, ಕಾಡೇಟ್ ಎಂಬ ಇನ್ನೊಂದು ಭಾಗದಲ್ಲಿ. ನನಗೆ ದೊಡ್ಡದೆನಿಸುವುದು ಈ ಎರಡನೆಯದು. ಕಾಯುವುದರಲ್ಲೂ ಸುಖವಿದೆ. ಆದರೆ ಏನು ಬರಲಿದೆಯೆಂಬ ಅಂದಾಜೇ ಇಲ್ಲದವರು ಕಾಯುವುದಾದರೂ ಯಾವುದಕ್ಕೆ?

ಹಾಗಾಗಿ ತಾಳದಿಂದ ಶುರುಮಾಡಿ. ವಿಲಂಬಿತ್, ಅಂದರೆ ನಿಧಾನ ಲಯದ್ದು, ಸದ್ಯಕ್ಕೆ ಬೇಡ. ತೀನ್‌ತಾಲದ ಒಂದು ದ್ರುತ್ ಬಂದಿಶ್, ಅಂದರೆ ವೇಗದ ಲಯದ ಹಾಡು, ಆರಿಸಿಕೊಳ್ಳಿ. ಈ ತಾಳದ ಒಂದು ಸುತ್ತಿಗೆ ಒಟ್ಟು 16 ಮಾತ್ರೆ, ಅಂದರೆ ಎಣಿಕೆ. 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಕೈ ಬೀಸುವುದು, ಅದು ಖಾಲಿ. ಎಣಿಕೆ ತಪ್ಪಿದರೆ ತಬಲಾ ಜೋಡಿಯ ದೊಡ್ಡದಾದ ಡಗ್ಗಾಕ್ಕೆ ಕಿವಿಗೊಡಿ. ಖಾಲಿ ದಾಟಿದ ಮೇಲೆ ಅದರ ಗುಂಯ್‌ಗುಡುವಿಕೆ ನಿಂತು ‘ತಿಂ ತಿಂ ತಾ’ ಮಾತ್ರ ಉಳಿಯುತ್ತದೆ. 14ನೇ ಮಾತ್ರೆಗೆ ‘ಧಿಂ’ ಮರಳಿತೆಂದರೆ ಸಮ್ ಹತ್ತಿರ ಬಂತು. ತಿಹಾಯಿಯಲ್ಲಂತೂ ಒಂದೇ ತುಣುಕು ಮೂರು ಸಲ ಬಂದು, ಸಾಮಾನ್ಯವಾಗಿ ಕೊನೆಯ ಪೆಟ್ಟು ಸಮ್ ಮೇಲೆಯೇ ಬೀಳುತ್ತದೆ. ಎರಡನೇ ಸಲಕ್ಕೇ ನಿಮ್ಮ ಕೈ ಎದ್ದಿದ್ದರೆ ನೀವು ಕಾಯಲು ಕಲಿತಿರಿ.

ಫೋನ್ ಪಕ್ಕಕ್ಕಿಡಿ.

ಅದೇ ರೆಕಾರ್ಡಿಂಗ್ ಕೆಲವು ದಿನ ಮತ್ತೆ ಮತ್ತೆ ಕೇಳಿ. ಬೇಸರ ಬರುವ ಮೊದಲೇ ಅದೇ ರಾಗವನ್ನು ಇನ್ನೊಬ್ಬರ ದನಿಯಲ್ಲಿ ಕೇಳಿ. ರಾಗ ಗೊತ್ತಿದ್ದದ್ದೇ, ತಾನ್ ಮಾತ್ರ ಹೊಸದು. ಅಂದಾಜು ಅಲ್ಲಲ್ಲಿ ತಪ್ಪಬೇಕು, ಆ ಅಚ್ಚರಿಯಲ್ಲೂ ಖುಷಿಯಿದೆ.

ಇಷ್ಟಾದರೂ ಕೆಲವರಿಗೆ ಏನೂ ಅನ್ನಿಸದಿರಬಹುದು. ಹಣ ಗೆದ್ದರೆ ಹಿಗ್ಗುವ, ಆದರೆ ಯಾವ ಸಂಗೀತಕ್ಕೂ ಮಿಡಿಯದ ಆರೋಗ್ಯವಂತರ ಬಗ್ಗೆ ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ಬರೆದಿದ್ದಾರೆ. ಅದು ಕಾಯಿಲೆಯಲ್ಲ, ಅರಸಿಕತನವೂ ಅಲ್ಲ. ಮನೆಯಲ್ಲಿ ಅಂಥವರಿದ್ದರೆ ಮಹೋತ್ಸವಕ್ಕೆ ಬರಲೇಬೇಕೆಂದು ಹಟ ಹಿಡಿಯಬೇಡಿ.