ಎರಡು ದಿನ, ಒಂದೇ ತೋಟ

"ಕಾರು ಮನೇಲಿಟ್ಟು ಬಸ್ಸಲ್ಲಿ ಹೋಗ್ತೀರಾ? ಅದೂ ಒಂದೇ ಪಾರ್ಕನ್ನ ಎರಡು ಸಲ ನೋಡೋಕೆ?" ಅತ್ತೆ ಕೇಳಿದ್ದು ಇಷ್ಟೇ. ಓರಗಿತ್ತಿಯಂತೂ ನಕ್ಕೇಬಿಟ್ಟಳು. ಈಗ ಊಟಿ ಹತ್ತಿರದ ಕೂನೂರಿನ ಸಿಮ್ಸ್ ಪಾರ್ಕಿಗೆ ಆರಾಮಾಗಿ ಹೋಗಿ ಬಂದಾಯ್ತು, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೈಸೂರಿನವರಿಗೆ ಊಟಿ ದಾರಿ ಹೇಳಿಕೊಡಬೇಕಿಲ್ಲ. ನಾವು ಎಡವಿದ್ದೆಲ್ಲಿ ಅಂತ ಹೇಳುತ್ತೇನೆ. ಮೊದಲ ಸಲ ಮೇ ತಿಂಗಳಲ್ಲಿ, ಸರಿಯಾಗಿ ಹೂವಿನ ಪ್ರದರ್ಶನದ ಹೊತ್ತಿಗೇ ಹೋದೆವು. ಊಟಿಯ ಸಸ್ಯೋದ್ಯಾನ 1848ರದ್ದು, ಅಲ್ಲಿ ಎರಡು ಕೋಟಿ ವರ್ಷ ಹಳೆಯ, ಕಲ್ಲಾಗಿಹೋದ ಮರದ ಕಾಂಡ ಇದೆ ಅಂತೆಲ್ಲ ಓದಿಕೊಂಡಿದ್ದೆ. ನೋಡಿದ್ದು ಮುಂದಿದ್ದವರ ಬೆನ್ನು. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಒಂದೂವರೆ ಗಂಟೆ ಹೋಯಿತು. ಪೆಟ್ರೋಲು, ಪಾರ್ಕಿಂಗು, ಸೀಸನ್ ರೇಟಿನ ರೂಮು ಸೇರಿ 15 ಸಾವಿರದ ಹತ್ತಿರ ಕೈಬಿಟ್ಟಿತು.

ಎರಡನೇ ಸಲ ಜನ ಕಮ್ಮಿ ಇರುವ ತಿಂಗಳು ಆರಿಸಿದೆ. ಆದರೆ ನಮ್ಮನೆಯವರು ಏಳು ಜಾಗದ ಪಟ್ಟಿ ಮಾಡಿಕೊಂಡಿದ್ದರು. ಏಳನೆಯದು ಮುಗಿಸಿ ಕಾಡಿನ ಗೇಟಿಗೆ ಬಂದರೆ ರಾತ್ರಿ 9 ದಾಟಿತ್ತು. ಆಮೇಲೆ ಬಂಡೀಪುರದ ರಸ್ತೆ ಬೆಳಗ್ಗೆ 6ಕ್ಕೇ ತೆರೆಯೋದು ಅಂತ ಇಬ್ಬರಿಗೂ ಗೊತ್ತಿತ್ತು! ಗೂಡಲೂರಿಗೆ ವಾಪಸ್, ಅಲ್ಲೊಂದು ರೂಮು, ಸೋಮವಾರದ ರಜೆ. 2 ಸಾವಿರ ದಂಡ. ಮನೆ ಮುಟ್ಟುವವರೆಗೂ ಮಾತಿಲ್ಲ.

ಈ ಸಲ ಪಟ್ಟಿ ನನ್ನ ಕೈಯಲ್ಲಿತ್ತು. ಊಟಿಯಲ್ಲಿ ಉಳಿಯೋದಿಲ್ಲ, ಕೂನೂರಿನಲ್ಲಿ ಉಳಿಯೋದು. ನೋಡೋದು ಸಿಮ್ಸ್ ಪಾರ್ಕ್ ಒಂದೇ. ಹೊರಗಿನ ಕಾರುಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಬಸ್ಸಿನವರಿಗೆ ಆ ತಲೆನೋವಿಲ್ಲ. ಶನಿವಾರ ಬೆಳಗಿನ ಬಸ್ಸು ಹತ್ತಿ ಊಟಿಯಲ್ಲಿ ಇಳಿದು, ಮಧ್ಯಾಹ್ನದ ಪುಟ್ಟ ರೈಲು ಹಿಡಿದೆವು. ಕೌಂಟರಿನ ಮುಂದೆ ಬೇಗ ನಿಲ್ಲಬೇಕು, ಅಷ್ಟೇ. ಯಾವ ಬದಿ ಕೂರಬೇಕು ಅಂತ ಮಾತ್ರ ಹೇಳಲ್ಲ, ಮುಂದಿನ ಸಲ ನಮಗೂ ಸೀಟು ಬೇಕಲ್ವಾ. ನಮ್ಮನೆಯವರಿಗೆ ಹೊಗೆ ಬಿಡುವ ಇಂಜಿನ್ ಬೇಕಿತ್ತು. ಈ ತುಂಡಿನಲ್ಲಿ ಎಳೆಯೋದು ಡೀಸೆಲ್, ಹೊಗೆ ಇಂಜಿನ್ನೂ ಅದು ಹಿಡಿದು ಹತ್ತುವ ಹಲ್ಲಿನ ಹಳಿಯೂ ಇರೋದು ಕೂನೂರಿನಿಂದ ಕೆಳಕ್ಕೆ. ಲವ್‌ಡೇಲ್‌ವರೆಗೂ ಮುಖ ಊದಿಸಿಕೊಂಡಿದ್ದವರು ಕೇತಿ ಕಣಿವೆ ಕಂಡ ಮೇಲೆ ಸರಿಹೋದರು.

ರೂಮು ಕೊಟ್ಟ ಅಜ್ಜಿ ನೀಲಗಿರಿಯ ಬಡಗ ಭಾಷೆ ಮಾತಾಡಿದರು, ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಅರ್ಧಕ್ಕರ್ಧ ತಿಳಿಯಿತು, ಬಾಡಿಗೆ ಮಾತ್ರ ಪೂರ್ತಿ ತಿಳಿಯಿತು: 2,200.

ಸಿಮ್ಸ್ ಪಾರ್ಕ್ 1874ರಷ್ಟು ಹಳೆಯದು. ಕಮರಿಯೊಳಗೆ ಮಾಡಿದ ತೋಟವಾದ್ದರಿಂದ ಬಾಗಿಲಿಂದ ಇಳಿಯುತ್ತಾ ಹೋಗಬೇಕು. ಶನಿವಾರ ಸಂಜೆ ಎಲ್ಲರಂತೆ ಕೊಳದವರೆಗೆ ಇಳಿದು, ಏದುಸಿರು ಬಿಟ್ಟುಕೊಂಡು ಹತ್ತಿ ಬಂದೆವು. ಭಾನುವಾರ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಮತ್ತೆ ಒಳಗೆ. ನನ್ನ ಉಪಾಯ ಇದೇ. ನಿನ್ನೆ ನೋಡಿಯಾಗಿದೆ, ಹಾಗಾಗಿ ಓಡೋ ಅವಸರ ಇಲ್ಲ. ರುದ್ರಾಕ್ಷಿ ಮರದ ಕೆಳಗೆ ಅರ್ಧ ಗಂಟೆ ಸುಮ್ನೆ ಕೂತೆವು. ಬಿದ್ದ ಕಾಯಿಯೊಂದು ಸಿಕ್ಕಿತು, ನವಿಲಿನ ಕತ್ತಿನ ನೀಲಿ. ನೇರಳೆ ಹಣ್ಣಿನ ಹಾಗೆ ಕೈಗೆ ಹತ್ತುತ್ತೇನೋ ಅಂತ ಉಜ್ಜಿದೆ, ಒಂಚೂರೂ ಹತ್ತಲಿಲ್ಲ. ಅದು ಬಣ್ಣವೇ ಅಲ್ಲ, ಸಿಪ್ಪೆಯ ಪದರಗಳಲ್ಲಿ ಬೆಳಕು ಆಡುವ ಆಟ. ಒಳಗೆ ಹಸಿರು ತಿರುಳು, ಅದರೊಳಗೆ ಗಟ್ಟಿ ಬೀಜ. ನಮ್ಮನೆಯವರು ಕನ್ನಡಕ ಏರಿಸಿ ಗೀರು ಎಣಿಸಿದರು. "ಐದೇ ಕಣೇ, ಮಾಮೂಲಿ ಪಂಚಮುಖಿ." ಇಬ್ಬರೂ ಅಷ್ಟು ಹೊತ್ತು ಫೋನ್ ಮುಟ್ಟದೆ ಕೂತಿದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು.

ಎಲ್ಲ ಸೇರಿ ಖರ್ಚು ಐದೂವರೆ ಸಾವಿರದ ಆಚೆಈಚೆ. ಭಾನುವಾರ ರಾತ್ರಿ ಊಟ ಮನೆಯಲ್ಲೇ.

ಬರುವಾಗ ನರ್ಸರಿಯಿಂದ ನೀಲಿ ಹೂವಿನ ಹೈಡ್ರೇಂಜಿಯಾ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ನಮ್ಮ ಬೋರ್‌ವೆಲ್ ನೀರಿಗೆ ಮುಂದಿನ ಹೂವು ಗುಲಾಬಿ ಆಯಿತು. ಅಲ್ಲಿನ ಮಣ್ಣು ಹುಳಿ, ನಮ್ಮ ನೀರು ಸುಣ್ಣ. ಬೇಡ ಅಂತ ಬೇರೆಯವರೆಲ್ಲ ಅಂದರೂ, ಮತ್ತೆ ನೀಲಿಯಾಗಲಿ ಅಂತ ಪಟಿಕ ಕರಗಿಸಿ ಹಾಕಿದೆ. ಮೊದಲು ಜಾಸ್ತಿಯಾಗಿ ಎಲೆಯ ಅಂಚು ಸುಟ್ಟಿತು. ಈಗ ಅಳತೆ ಸಿಕ್ಕಿದೆ, ಹೂವು ನೇರಳೆಗೆ ತಿರುಗಿದೆ. ಶೇವಿಂಗ್ ಡಬ್ಬಿಯ ಪಟಿಕ ಯಾಕೆ ಸವೆಯುತ್ತಿದೆ ಅಂತ ನಮ್ಮನೆಯವರಿಗೆ ಇನ್ನೂ ಗೊತ್ತಾಗಿಲ್ಲ.