ಜಾಬ್ರೇಕರ್ ಕೇಳುವುದಿದ್ದರೆ ಈ ಕ್ರಮದಲ್ಲಿ ಕೇಳಿ

ನಾನು ತಪ್ಪು ತುದಿಯಿಂದ ಶುರು ಮಾಡಿದೆ. ಜಾಬ್ರೇಕರ್ ಅಮೆರಿಕದ ಪಂಕ್ ಬ್ಯಾಂಡ್; ಪಂಕ್ ಎಂದರೆ ಒರಟು ರಾಕ್, ದೊಡ್ಡ ಕಂಪನಿಗಳ ಹಂಗು ಬೇಡವೆನ್ನುವವರ ಸಂಗೀತ. ದೊಡ್ಡ ರೆಕಾರ್ಡ್ ಕಂಪನಿಗೆ ಈ ಬ್ಯಾಂಡ್ ಮಾಡಿಕೊಟ್ಟದ್ದು ಒಂದೇ ಆಲ್ಬಂ, 1995ರ ‘ಡಿಯರ್ ಯೂ’. ಅದನ್ನು ಕೇಳುವ ಮೊದಲೇ ‘ದುಡ್ಡಿಗೆ ಮಾರಿಕೊಂಡವರು’ ಎಂಬ ಮಾತು ಕಿವಿಗೆ ಬಿದ್ದಿತ್ತು. ಗಿಟಾರು ನುಣುಪಾಗಿ ಕೇಳಿಸಿದಲ್ಲೆಲ್ಲ ಅಪರಾಧದ ಸಾಕ್ಷಿ ಸಿಕ್ಕಂತೆ ತಲೆಯಾಡಿಸಿ, ಮೂರನೆಯ ಹಾಡಿಗೆ ಹೆಡ್‌ಫೋನ್ ತೆಗೆದಿಟ್ಟೆ. ನೀವು ಹಾಗೆ ಮಾಡಬೇಡಿ.

ಮೊದಲು 1994ರ ‘24 ಅವರ್ ರಿವೆಂಜ್ ಥೆರಪಿ’ ಹಾಕಿ. ಸಣ್ಣ ಕಂಪನಿಯ ಆಲ್ಬಂ, ಬಹುಪಾಲು ಧ್ವನಿಮುದ್ರಣ ಸ್ಟೀವ್ ಅಲ್ಬೀನಿ ಅವರದು. ಮೂರೇ ಜನ: ಹಾಡು ಮತ್ತು ಗಿಟಾರಿಗೆ ಬ್ಲೇಕ್ ಶ್ವಾರ್ಜನ್‌ಬಾಕ್, ಬೇಸ್‌ಗೆ ಕ್ರಿಸ್ ಬಾವರ್‌ಮೈಸ್ಟರ್, ಡ್ರಮ್ಸ್‌ಗೆ ಆಡಮ್ ಫಾಲರ್. ಸಾಹಿತ್ಯ ಆಮೇಲೆ ನೋಡಿಕೊಳ್ಳಬಹುದು, ಮೊದಲ ಸುತ್ತಿನಲ್ಲಿ ಬ್ಲೇಕ್ ಅವರ ಗಂಟಲನ್ನಷ್ಟೇ ಗಮನಿಸಿ. ಅದು ಒರಟು, ಅಲ್ಲಲ್ಲಿ ತರಿತರಿ. ಗಂಟಲಿನಲ್ಲಿ ಬೆಳೆದಿದ್ದ ಗಂಟಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಗಾಯಕ ಅವರು. ಮೂರನೆಯ ಹಾಡು ‘ಬಾಕ್ಸ್‌ಕಾರ್’ ಬಂದಾಗ ಎರಡು ಸಲ ಕೇಳಿ. ‘ನೀನು ಪಂಕ್ ಅಲ್ಲ’ ಎಂದು ಪ್ರಮಾಣಪತ್ರ ಹಂಚುವವರನ್ನು ಗೇಲಿ ಮಾಡುವ ಹಾಡು ಅದು. ಮುಂದೆ ಆ ಜನರೇ ಇವರ ಮೇಲೆ ತಿರುಗಿಬಿದ್ದರು.

ಈ ಕ್ರಮದ ಎರಡನೆಯ ಆಲ್ಬಂಗೆ ಹೋಗುವ ಮುನ್ನ ಒಂದಿಷ್ಟು ಲೆಕ್ಕ. 1993ರ ಅಕ್ಟೋಬರಿನಲ್ಲಿ ಇವರು ದೊಡ್ಡ ಕಂಪನಿಯಲ್ಲಿದ್ದ ನಿರ್ವಾಣ ಬ್ಯಾಂಡಿನ ಜೊತೆ ಕೆಲವು ಕಚೇರಿ ಕೊಟ್ಟರು. ಅಷ್ಟಕ್ಕೇ ಗುಮಾನಿ ಹುಟ್ಟಿತು. ದೊಡ್ಡ ಕಂಪನಿಗೆ ಸಹಿ ಹಾಕುವುದಿಲ್ಲವೆಂದು ಇವರು ಹೇಳಿಕೊಂಡು ಬಂದಿದ್ದೂ ನಿಜ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪಂಕ್ ಬ್ಯಾಂಡುಗಳು ನುಡಿಸುವ ಗಿಲ್ಮನ್ ಸ್ಟ್ರೀಟ್ ಕ್ಲಬ್ಬಿನಲ್ಲಂತೂ ದೊಡ್ಡ ಕಂಪನಿ ಸೇರಿದ ಬ್ಯಾಂಡುಗಳಿಗೆ ವೇದಿಕೆಯೇ ಇಲ್ಲವೆಂಬ ನಿಯಮವಿತ್ತು. ಇಂಥ ಹವೆಯಲ್ಲಿ ಅವರು ಗೆಫೆನ್ ಬಳಗದ ಡಿಜಿಸಿ ಎಂಬ ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿದರು. ಮೊತ್ತ ಹತ್ತು ಲಕ್ಷ ಡಾಲರ್ ಎಂದು ಸುದ್ದಿಯಾಯಿತು.

ಆ ಹತ್ತು ಲಕ್ಷ ಓದಿ ಹೊಟ್ಟೆ ಉರಿದುಕೊಳ್ಳಬೇಡಿ. ಮುಂಗಡ ಎಂದರೆ ಬಹುಮಾನವಲ್ಲ, ಬ್ಯಾಂಡಿಗೆ ಮಾರಾಟದಿಂದ ಬರುವ ಪಾಲಿನಿಂದ, ಅಂದರೆ ರಾಯಧನದಿಂದ, ಕಂಪನಿ ಮುರಿದುಕೊಳ್ಳುವ ಹಣ. ಅದೇ ಅಲ್ಬೀನಿ 1993ರಲ್ಲಿ ‘ದ ಬ್ಯಾಫ್ಲರ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಒಂದು ಕಲ್ಪಿತ ಬ್ಯಾಂಡಿನ ಜಮಾಖರ್ಚು ತೆರೆದಿಟ್ಟಿದ್ದರು: ಮುಂಗಡ 2,50,000 ಡಾಲರ್, ವಕೀಲ, ಮ್ಯಾನೇಜರ್, ಸ್ಟುಡಿಯೊ, ವಿಡಿಯೊ, ಪ್ರವಾಸ ಎಲ್ಲ ಕಳೆದ ಮೇಲೆ ತಲಾ ನಾಲ್ಕು ಸಾವಿರ ಚಿಲ್ಲರೆ ಡಾಲರ್. ಮೇಲೆ ರಾಯಧನದ ಖಾತೆಯಲ್ಲಿ ಕಂಪನಿಗೆ ತೀರಿಸಬೇಕಾದ ಬಾಕಿ. ನನ್ನ ಸಿಟ್ಟು ಇಳಿದದ್ದು ಈ ಲೆಕ್ಕ ಓದಿದ ದಿನ.

ಈಗ ‘ಡಿಯರ್ ಯೂ’ ತೆಗೆಯಿರಿ, ಆದರೆ ಮೊದಲ ಹಾಡಿನಿಂದ ಬೇಡ. ನಾಲ್ಕನೆಯದಾದ ‘ಆಕ್ಸಿಡೆಂಟ್ ಪ್ರೋನ್’ ಹಾಕಿ. ಆರು ನಿಮಿಷ ಮೀರುವ ಹಾಡು, ಫೋನು ದೂರವಿಡಿ. ನಂತರ ‘ಜೆಟ್ ಬ್ಲ್ಯಾಕ್’. ಇವೆರಡು ಹಿಡಿಸದಿದ್ದರೆ ಉಳಿದದ್ದನ್ನು ಬಿಡಬಹುದು, ನನ್ನದೇನೂ ಒತ್ತಾಯವಿಲ್ಲ. ಹಿಡಿಸಿದರೆ ಮೊದಲಿಂದ ಕೇಳಿ. ನಿರ್ಮಾಪಕರು ರಾಬ್ ಕವಾಲೊ, ಗ್ರೀನ್ ಡೇ ಬ್ಯಾಂಡಿನ ‘ಡೂಕಿ’ ಆಲ್ಬಂ ಮಾಡಿದವರೇ. ಗಿಟಾರು ಪದರಪದರವಾಗಿದೆ, ಬ್ಲೇಕ್ ಕಿರುಚುವ ಕಡೆ ಗುನುಗುತ್ತಾರೆ. ಸಿಂಗಲ್ ಆಗಿ ಬಂದ ‘ಫೈರ್‌ಮನ್’ ನನಗೆ ಇಂದಿಗೂ ತೀರಾ ಇಸ್ತ್ರಿ ಹಾಕಿದಂತೆ ಕೇಳುತ್ತದೆ, ಆ ಮಾತು ಬೇರೆ.

ಆಗಿನ ಅಭಿಮಾನಿಗಳಲ್ಲಿ ಕೆಲವರು ಹೊಸ ಹಾಡು ಶುರುವಾದೊಡನೆ ವೇದಿಕೆಗೆ ಬೆನ್ನು ತಿರುಗಿಸಿ ಕುಳಿತರಂತೆ. ಆಲ್ಬಂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 1996ರಲ್ಲಿ ಪ್ರವಾಸದ ವ್ಯಾನಿನೊಳಗೆ ಹೊಡೆದಾಟವಾಗಿ ಬ್ಯಾಂಡೇ ಮುರಿಯಿತು. ಮತ್ತೆ ವೇದಿಕೆ ಹತ್ತಿದ್ದು 2017ರಲ್ಲಿ; ಆ ವರ್ಷ ಷಿಕಾಗೊದ ರಯಟ್ ಫೆಸ್ಟ್ ಸಂಗೀತೋತ್ಸವದಲ್ಲೂ ನುಡಿಸಿದರು.

ಕೊನೆಯ ಹೆಜ್ಜೆಗೆ ‘ಡಿಯರ್ ಯೂ’ ಆಲ್ಬಂನ 2004ರ ಮರುಮುದ್ರಣ ಬೇಕು. ಅಂಗಡಿಗಳಿಂದ ಮರೆಯಾಗಿದ್ದ ಆಲ್ಬಂ ಅನ್ನು ಫಾಲರ್ ತಮ್ಮದೇ ಸಣ್ಣ ರೆಕಾರ್ಡ್ ಕಂಪನಿ ಬ್ಲ್ಯಾಕ್‌ಬಾಲ್ ಹೆಸರಿನಲ್ಲಿ ಮತ್ತೆ ಹೊರತಂದರು. ಅದರ ಹೆಚ್ಚುವರಿ ಹಾಡುಗಳಲ್ಲಿ ‘ಬಾಕ್ಸ್‌ಕಾರ್’ ಮತ್ತೊಮ್ಮೆ ಇದೆ, ‘ಡಿಯರ್ ಯೂ’ ಮಾಡುವಾಗ ಹೊಸದಾಗಿ ಮುದ್ರಿಸಿದ್ದು. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ, ಯಾವುದು ಯಾವುದೆಂದು ನೋಡದೆ ಕೇಳಿ. ನಾನು ಮೆಚ್ಚಿ ಬೆರಳು ತೋರಿಸಿದ್ದು ದೊಡ್ಡ ಕಂಪನಿಯ ಕಡೆಯದನ್ನು.